ಕೋಲಾರದ ಬೋರ್‌ವೆಲ್ ನೀರಿನ ಅಕ್ವೇರಿಯಂಗೆ ಸಿಒ2 ಸಿಲಿಂಡರ್ ಹಾಕಿಸಬೇಕಾ?

ಎರಡು ಅಡಿ ಟ್ಯಾಂಕ್, ಬೋರ್ ನೀರು, ವ್ಯಾಲಿಸ್ನೇರಿಯಾ, ಅನೂಬಿಯಸ್, ಜಾವಾ ಫರ್ನ್ ಗಿಡಗಳು, ಒಂದಷ್ಟು ಗಪ್ಪಿ ಮೀನು. ಗಾಜಿನ ತುಂಬಾ ಪಾಚಿ. ಸಿಒ2 (ಗಿಡ ಬೆಳೆಯಲೆಂದು ನೀರಿಗೆ ಬಿಡುವ ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಹಾಕಿದರೆ ಪಾಚಿ ಹೋಗುತ್ತಾ, ಸಿಲಿಂಡರ್ ತಗೊಳ್ಳಲಾ ಅಥವಾ ಸಿಟ್ರಿಕ್ ಆಸಿಡ್‌ಗೆ ಅಡುಗೆ ಸೋಡಾ ಬೆರೆಸಿ ಅದೇ ಗ್ಯಾಸ್ ಮಾಡುವ ಬಾಟಲ್ ಕಿಟ್ ಸಾಕಾ ಅಂತ ಕೇಳಿದ್ದೀರಿ. ಗಪ್ಪಿ ಬದಲು ನಿಯಾನ್ ಟೆಟ್ರಾ ಅಂತ ಓದಿಕೊಂಡರೆ ಅದು ನನ್ನ ಹಳೇ ಟ್ಯಾಂಕೇ.

ನಾನೂ ಕೋಲಾರದವನು. ನಮ್ಮ ಮನೆ ಬೋರ್ ನೀರಲ್ಲಿ ಪಾತ್ರೆ ತೊಳೆದು ಹಾಗೇ ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಗೀಸರ್ ಕಾಯಿಲ್ ಗತಿ ಕೇಳಲೇಬೇಡಿ. ಟೆಸ್ಟ್ ಕಿಟ್‌ನಲ್ಲಿ ಕೆಎಚ್ 16 ಡಿಗ್ರಿ ಬಂತು. ಕೆಎಚ್ ಅಂದರೆ ನೀರಲ್ಲಿರುವ ಬೈಕಾರ್ಬನೇಟ್‌ನ ಅಳತೆ. ಈ 16ನ್ನು ನೆನಪಿಟ್ಟುಕೊಳ್ಳಿ, ಕತೆಯೆಲ್ಲ ಅದರಲ್ಲೇ ಇದೆ. ಬೇಜಾರಿನ ವಿಷಯ ಅಂದರೆ ನಾನು ಅದನ್ನು ಅಳೆದದ್ದು ಎಲ್ಲ ಮುಗಿದ ಮೇಲೆ.

ಸಿಲಿಂಡರ್, ಅದರ ಒತ್ತಡ ಇಳಿಸುವ ರೆಗ್ಯುಲೇಟರ್, ಕರೆಂಟಲ್ಲಿ ಗ್ಯಾಸ್ ತೆರೆದು ಮುಚ್ಚುವ ಸೊಲೆನಾಯ್ಡ್, ಗುಳ್ಳೆ ಎಣಿಸುವ ಬಬಲ್ ಕೌಂಟರ್, ಗ್ಯಾಸನ್ನು ಸಣ್ಣ ಗುಳ್ಳೆ ಮಾಡಿ ನೀರಿಗೆ ಬಿಡುವ ಡಿಫ್ಯೂಸರ್ ಎಲ್ಲವನ್ನೂ ಬೆಂಗಳೂರಿಂದ ತಂದೆ. ಜೊತೆಗೆ ಡ್ರಾಪ್ ಚೆಕರ್ ಅಂತ ಒಂದು ಪುಟ್ಟ ಗಾಜಿನ ಬುರುಡೆ. ಅದನ್ನು ಟ್ಯಾಂಕ್ ಒಳಗೆ ಅಂಟಿಸುತ್ತಾರೆ. ಒಳಗಿನ ದ್ರವ ನೀಲಿ ಇದ್ದರೆ ಗ್ಯಾಸ್ ಕಡಿಮೆ, ಹಸಿರಾದರೆ ಸರಿ, ಹಳದಿಯಾದರೆ ಮೀನಿಗೆ ಅಪಾಯ. ಪೊಟ್ಟಣದಲ್ಲಿ ಈ ಬಣ್ಣ ಕೊಡುವ ನೀಲಿ ರೀಏಜೆಂಟ್‌ನ ಸಣ್ಣ ಬಾಟಲ್ ಇತ್ತು. ಚೀಟಿಯಲ್ಲಿ "ಟ್ಯಾಂಕ್ ನೀರು ತುಂಬಿ, ಮೂರು ಹನಿ ಹಾಕಿ" ಅಂತ ಬರೆದಿತ್ತು. ಹಾಗೇ ಮಾಡಿದೆ.

ಸೆಕೆಂಡಿಗೆ ಒಂದು ಗುಳ್ಳೆ ಬಿಟ್ಟೆ. ನೀಲಿ. ಎರಡು ಬಿಟ್ಟೆ. ನೀಲಿಯೇ. ಅಂಗಡಿಯವರಿಗೆ ಫೋನ್ ಮಾಡಿದರೆ "ಗಡಸು ನೀರಲ್ವಾ, ಗ್ಯಾಸ್ ಜಾಸ್ತಿ ಬೇಕು" ಅಂದರು. ನನಗೂ ಸರಿ ಅನ್ನಿಸಿತು. ಇನ್ನಷ್ಟು ತಿರುಗಿಸಿದೆ. ಗಿಡಗಳು ಸಕತ್ತಾಗಿ ಗುಳ್ಳೆ ಬಿಡುತ್ತಿದ್ದವು, ಖುಷಿಯೋ ಖುಷಿ. ಒಂದು ಭಾನುವಾರ ಬೆಳಿಗ್ಗೆ ಗ್ಯಾಸ್ ಹೆಚ್ಚು ಕಡಿಮೆ ಮಾಡುವ ನೀಡಲ್ ವಾಲ್ವ್ ಮತ್ತೊಂದು ಚೂರು ತೆರೆದು, ಮುಳಬಾಗಿಲಿಗೆ ಮದುವೆಗೆ ಹೋದೆವು. ಸಂಜೆ ಬಂದು ನೋಡಿದರೆ ಅಷ್ಟೂ ಟೆಟ್ರಾಗಳು ಸತ್ತಿದ್ದವು. ಕೆಲವು ಫಿಲ್ಟರ್ ಬಾಯಿಗೆ ಅಂಟಿಕೊಂಡಿದ್ದವು, ಉಳಿದವು ಮೇಲೆ ತೇಲುತ್ತಿದ್ದವು, ಕಿವಿರುಗಳು ಅಗಲವಾಗಿ ತೆರೆದೇ ಇದ್ದವು. ಡ್ರಾಪ್ ಚೆಕರ್ ಮಾತ್ರ ಚೆಂದವಾಗಿ ಹಸಿರಾಗಿತ್ತು. ಅಂದರೆ ಅದರ ಪ್ರಕಾರ ಎಲ್ಲ ಸರಿ!

ಏನಾಗಿತ್ತು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಚೆಕರ್ ಒಳಗಿನ ದ್ರವಕ್ಕೂ ಟ್ಯಾಂಕ್ ನೀರಿಗೂ ನಡುವೆ ಗಾಳಿ ಇರುತ್ತದೆ. ದಾಟಿ ಬರುವುದು ಗ್ಯಾಸ್ ಮಾತ್ರ. ಬಣ್ಣ ತೋರಿಸುವುದು ಒಳಗಿನ ದ್ರವದ ಪಿಎಚ್ ಅನ್ನು, ಅಂದರೆ ಅದು ಎಷ್ಟು ಆಮ್ಲೀಯ ಅನ್ನುವ ಅಳತೆ; ಗ್ಯಾಸ್ ಹೆಚ್ಚಿದಷ್ಟೂ ಪಿಎಚ್ ಇಳಿಯುತ್ತದೆ. ಆ ಪಿಎಚ್ ಗ್ಯಾಸ್ ಎಷ್ಟಿದೆ ಅನ್ನುವುದರ ಮೇಲೂ ನಿಂತಿದೆ, ದ್ರವದ ಕೆಎಚ್ ಮೇಲೂ ನಿಂತಿದೆ. ಕೆಎಚ್ ಸರಿಯಾಗಿ 4 ಡಿಗ್ರಿ ಇದ್ದರೆ, ಸುಮಾರು 30 ಪಿಪಿಎಂ (ಲೀಟರ್‌ಗೆ 30 ಮಿಲಿಗ್ರಾಂ) ಗ್ಯಾಸ್‌ಗೆ ಪಿಎಚ್ 6.6 ಆಗಿ ಹಸಿರು ಬರುತ್ತದೆ. ನಾನು ತುಂಬಿದ್ದು 16 ಡಿಗ್ರಿ ನೀರು. ಅದು 6.6ಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ಗ್ಯಾಸ್ ಬೇಕು. ಅಂದರೆ ಸುಮಾರು 120 ಪಿಪಿಎಂ. ನೀಲಿ ಕಂಡಾಗಲೆಲ್ಲ ಗ್ಯಾಸ್ ಸಾಲದು ಅಂದುಕೊಂಡೆ. ನಿಜವಾಗಿ ಆಗಲೇ ಸಾಕಷ್ಟಿತ್ತು. ಸಾಲದ್ದಕ್ಕೆ ಈ ಚೆಕರ್ ಬಣ್ಣ ಬದಲಾಯಿಸಲು ಒಂದೆರಡು ಗಂಟೆ ಹಿಡಿಯುತ್ತದೆ, ಅದು ಹೇಳುವುದೆಲ್ಲ ಹಳೇ ಸುದ್ದಿ. ವಾಲ್ವ್ ಮುಟ್ಟಿದ ದಿನ ಮನೆ ಬಿಟ್ಟು ಹೋಗಲೇಬಾರದು.

"ಗಡಸು ನೀರಿಗೆ ಗ್ಯಾಸ್ ಜಾಸ್ತಿ ಬೇಕು" ಅನ್ನುವುದೂ ಸುಳ್ಳು. 30 ಪಿಪಿಎಂ ಅಂದರೆ ಎಲ್ಲ ನೀರಲ್ಲೂ 30 ಪಿಪಿಎಂ. ಗಡಸು ನೀರಲ್ಲಿ ಪಿಎಚ್ ಅಷ್ಟು ಕೆಳಗೆ ಹೋಗಲ್ಲ, ಅಷ್ಟೇ.

ಚೆಕರ್ ಒಳಗೆ ಟ್ಯಾಂಕ್ ನೀರಿನ ಬದಲು ತುಂಬಬೇಕಾದ 4 ಡಿಗ್ರಿ ದ್ರವವನ್ನು ಮನೆಯಲ್ಲೇ ಮಾಡಬಹುದು. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ, ಬ್ಯಾಟರಿಗೆ ಹಾಕುವುದು. ಒಂದು ಲೀಟರ್‌ಗೆ 1.2 ಗ್ರಾಂ ಅಡುಗೆ ಸೋಡಾ ಕರಗಿಸಿ. ಅದರಲ್ಲಿ 100 ಮಿಲೀ ತೆಗೆದು, ಮತ್ತೆ 900 ಮಿಲೀ ಡಿಸ್ಟಿಲ್ಡ್ ವಾಟರ್ ಸೇರಿಸಿ. 1.2 ಗ್ರಾಂ ತೂಗಲು ಅಡುಗೆಮನೆ ತಕ್ಕಡಿ ಆಗಲ್ಲ. ನಾನು ಪರಿಚಯದ ಚಿನ್ನದಂಗಡಿಗೆ ಹೋದೆ. ಬಿಳಿ ಪುಡಿ ನೋಡಿ ಅವರು ಒಂದು ಥರಾ ನೋಡಿದರು, ಆದರೆ ತೂಗಿಕೊಟ್ಟರು.

ಈಗ ನಿಮ್ಮ ಪ್ರಶ್ನೆಗೆ. ನಿಮಗೆ ಸಿಲಿಂಡರೂ ಬೇಡ, ಬಾಟಲ್ ಕಿಟ್ಟೂ ಬೇಡ. ಸಿಒ2 ಪಾಚಿಗೆ ಔಷಧಿ ಅಲ್ಲ. ಹತ್ತು ಗಂಟೆ ಲೈಟ್ ಹಾಕ್ತೀನಿ, ಪಕ್ಕದಲ್ಲೇ ಕಿಟಕಿ ಇದೆ ಅಂತ ನೀವೇ ಬರೆದಿದ್ದೀರಿ. ಪಾಚಿ ಬರದೆ ಇನ್ನೇನು ಬರುತ್ತೆ? ಲೈಟನ್ನು ಆರು ಗಂಟೆಗೆ ಇಳಿಸಿ, ಕಿಟಕಿಗೆ ಪರದೆ ಹಾಕಿ, ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಾಯಿಸಿ. ಅನೂಬಿಯಸ್, ಜಾವಾ ಫರ್ನ್ ಹುಟ್ಟಾ ನಿಧಾನ, ಗ್ಯಾಸ್ ಕೊಟ್ಟರೂ ಓಡಲ್ಲ. ಶುಂಠಿಯಂತಿರುವ ಅವುಗಳ ದಪ್ಪ ಕಾಂಡವನ್ನು ಮರಳಲ್ಲಿ ಹೂತಿದ್ದರೆ ಮೊದಲು ಮೇಲೆತ್ತಿ, ಕೊಳೆಯುತ್ತದೆ. ವ್ಯಾಲಿಸ್ನೇರಿಯಾ ಅಂತೂ ನಮ್ಮ ನೀರಿಗೇ ಹೇಳಿ ಮಾಡಿಸಿದ್ದು. ಗಡಸು ನೀರಿನ ಬೈಕಾರ್ಬನೇಟ್‌ನಿಂದಲೇ ಇಂಗಾಲ ಎಳೆದುಕೊಳ್ಳುತ್ತದೆ. ಗಪ್ಪಿಗೂ ಗಡಸು ನೀರೇ ಇಷ್ಟ. ಇಷ್ಟೆಲ್ಲ ಹೊಂದಿಕೊಂಡಿರುವಾಗ ಸುಮ್ನೆ ಸಾವಿರಾರು ರೂಪಾಯಿ ಯಾಕೆ?

ಮುಂದೆ ಕೆಂಪು ರೊಟಾಲಾ, ನೆಲಕ್ಕೆ ಹಾಸುವ ಮಾಂಟೆ ಕಾರ್ಲೊ ತರದ ಗಿಡಗಳು ಬೇಕು ಅನ್ನಿಸಿದರೆ ಮಾತು ಬೇರೆ. ಆಗ ಸಿಲಿಂಡರೇ ತಗೊಳ್ಳಿ. ಬಾಟಲ್ ಕಿಟ್ ಕೆಲಸ ಮಾಡಲ್ಲ ಅಂತಲ್ಲ, ಅದರ ಗುಳ್ಳೆ ಬೆಳಿಗ್ಗೆ ಒಂದು ಲೆಕ್ಕ, ಸಂಜೆ ಒಂದು ಲೆಕ್ಕ. ದಿನಾ ಅದನ್ನು ತಿರುಗಿಸುತ್ತಾ ಕೂರಲು ನನಗಂತೂ ತಾಳ್ಮೆ ಇಲ್ಲ.

ಗ್ಯಾಸ್ ಲೈಟ್‌ಗಿಂತ ಒಂದೆರಡು ಗಂಟೆ ಮುಂಚೆ ಶುರುವಾಗಬೇಕು, ಲೈಟ್ ಆರುವ ಒಂದು ಗಂಟೆ ಮುಂಚೆ ನಿಲ್ಲಬೇಕು. ಕತ್ತಲಲ್ಲಿ ಗಿಡ ಸಿಒ2 ತಿನ್ನಲ್ಲ, ಅದೇ ಹೊರಗೆ ಬಿಡುತ್ತದೆ. ಅದಕ್ಕೆ ಟೈಮರ್ ಬೇಕು. ಮುಳ್ಳು ತಿರುಗುವ ಅಗ್ಗದ ಟೈಮರ್ ಬೇಡ. ಕರೆಂಟ್ ಹೋದಾಗಲೆಲ್ಲ ಅದು ನಿಂತು ಹಿಂದೆ ಬೀಳುತ್ತದೆ, ಬೇಸಿಗೆಯ ಒಂದು ವಾರದಲ್ಲಿ ಅದರ ಬೆಳಿಗ್ಗೆ ಎಂಟು ನಮ್ಮ ಮಧ್ಯಾಹ್ನ ಆಗಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ. ಕರೆಂಟ್ ಹೋದರೆ ಸೊಲೆನಾಯ್ಡ್ ತಾನೇ ಮುಚ್ಚಿಕೊಳ್ಳುತ್ತದೆ, ಆ ಚಿಂತೆ ಬೇಡ.

ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಚೆಕರ್ ಬಣ್ಣ ಏನೇ ಇರಲಿ, ಗ್ಯಾಸ್ ನಿಲ್ಲಿಸಿ, ಏರ್ ಪಂಪ್ ಹಾಕಿ, ಅರ್ಧ ನೀರು ಬದಲಾಯಿಸಿ. ನೀರಲ್ಲಿ ಆಕ್ಸಿಜನ್ ತುಂಬಿದ್ದರೂ ಸಿಒ2 ಜಾಸ್ತಿಯಾದರೆ ಮೀನು ಸಾಯುತ್ತದೆ. ಒಂದು ಇನ್ನೊಂದನ್ನು ಸರಿದೂಗಿಸಲ್ಲ. ಪಂಪ್ ಹಾಕುವುದು ಮುಖ್ಯವಾಗಿ ಆ ಗ್ಯಾಸನ್ನು ಹೊರಗೆ ಓಡಿಸಲಿಕ್ಕೆ.

ಸಿಲಿಂಡರ್ ಬಗ್ಗೆ ಒಂದೇ ಮಾತು. ನೆಟ್ಟಗೆ ನಿಲ್ಲಿಸಿ, ಬಿಸಿಲಿಗೆ ಇಡಬೇಡಿ. ಒಳಗಿರುವುದು ದ್ರವ, ಆದ್ದರಿಂದ ಅರ್ಧ ಖಾಲಿಯಾದರೂ ಗೇಜ್ ಮುಳ್ಳು ಅಲ್ಲಾಡಲ್ಲ. ಎಷ್ಟು ಉಳಿದಿದೆ ಅಂತ ತಿಳಿಯಬೇಕಾದರೆ ತೂಕ ನೋಡಬೇಕು. ಮುಳ್ಳು ಇಳಿಯಲು ಶುರುವಾಯಿತು ಅಂದರೆ ದ್ರವ ಮುಗಿಯಿತು ಅಂತಲೇ. ಕೊನೆಯ ಚೂರು ಗ್ಯಾಸ್ ಉಳಿಸಲು ಹೋಗದೆ ಅವತ್ತೇ ಮುಚ್ಚಿ ಫಿಲ್ಲಿಂಗ್‌ಗೆ ಕೊಡಿ. ಒತ್ತಡವನ್ನು ಒಂದೇ ಹಂತದಲ್ಲಿ ಇಳಿಸುವ ಅಗ್ಗದ ಸಿಂಗಲ್ ಸ್ಟೇಜ್ ರೆಗ್ಯುಲೇಟರ್‌ಗಳಲ್ಲಿ ಆ ಹೊತ್ತಿಗೆ ಹೊರಗಿನ ಒತ್ತಡ ತಾನಾಗೇ ಏರಿ, ಗುಳ್ಳೆ ಒಮ್ಮೆಲೇ ಜಾಸ್ತಿ ಆಗುವುದುಂಟು.