ಹೂಮಳೆಗೆ ಮೊದಲೇ ಒಂದು ಕೈ ವ್ಯಾಕ್ಸ್

ಪ್ರಶ್ನೆ: ಜನವರಿಯಲ್ಲಿ ಹೊಸ ಕಾರು ತಗೊಂಡೆವು. ಕಡುನೀಲಿ ಬಣ್ಣ. ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ, ಕಾಫಿ ತೋಟದ ಒಳಗೆ. ಶೆಡ್ ಇನ್ನೂ ಕಟ್ಟಿಲ್ಲ, ಹಲಸಿನ ಮರದ ಅಡಿಯಲ್ಲೇ ನಿಲ್ಲಿಸುತ್ತೇವೆ. ವ್ಯಾಕ್ಸ್ ಮಾಡೋಣ ಅಂದರೆ ನಮ್ಮ ಭಾವ, 'ಮೂರು ತಿಂಗಳು ಮುಟ್ಟಬೇಡ, ಪೇಂಟ್ ಇನ್ನೂ ಒಣಗಿರಲ್ಲ' ಅಂತಾರೆ. ಶೋರೂಮಿನವರು ಸೆರಾಮಿಕ್ ಕೋಟಿಂಗ್‌ಗೆ 25 ಸಾವಿರ ಕೇಳುತ್ತಿದ್ದಾರೆ. ತೋಟದ ರೈಟರ್ ಹೇಳೋದು, ಡೀಸೆಲ್ ಬಟ್ಟೆಯಲ್ಲಿ ಒರೆಸಿದರೆ ಸಾಕು, ಫಳಫಳ ಅನ್ನುತ್ತೆ ಅಂತ. ಯಾರ ಮಾತು ಕೇಳೋದು?

ಉತ್ತರ: ರೈಟರ್ ಮಾತಂತೂ ಬೇಡ. ಡೀಸೆಲ್ ಒರೆಸಿದ ದಿನ ಹೊಳೆಯುತ್ತೆ, ನಿಜ. ಆದರೆ ಆ ಜಿಡ್ಡಿಗೆ ತೋಟದ ದಾರಿಯ ಕೆಂಪು ಧೂಳೆಲ್ಲ ಬಂದು ಕೂರುತ್ತೆ. ಮಾರನೇ ದಿನ ಅದರ ಮೇಲೆ ಬಟ್ಟೆ ಆಡಿಸಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಬಾಗಿಲಿನ ರಬ್ಬರ್ ಬೀಡಿಂಗ್‌ಗೂ ಡೀಸೆಲ್ ಒಳ್ಳೆಯದಲ್ಲ.

ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ, ನಿಮ್ಮ ಕಾರಿಗೆ ಅನ್ವಯ ಆಗಲ್ಲ ಅಷ್ಟೆ. ಕಾರ್ಖಾನೆಯಲ್ಲಿ ಪೇಂಟ್ ಹೊಡೆದ ಬಾಡಿಯನ್ನು ಸುಮಾರು 140 ಡಿಗ್ರಿ ಬಿಸಿಯ ಒಲೆಯಲ್ಲಿ ಬೇಯಿಸುತ್ತಾರೆ. ಅಲ್ಲಿಂದ ಹೊರಗೆ ಬರುವಾಗಲೇ ಅದು ಗಟ್ಟಿಯಾಗಿರುತ್ತೆ. ಗ್ಯಾರೇಜಿನಲ್ಲಿ ಮತ್ತೆ ಪೇಂಟ್ ಹೊಡೆಯುವಾಗ ಆ ಬಿಸಿ ಕೊಡಕ್ಕಾಗಲ್ಲ. ಅಲ್ಲಿ ಪ್ಲಾಸ್ಟಿಕ್, ವೈರು, ಸೀಟು ಎಲ್ಲ ಕಾರಿನಲ್ಲೇ ಇರುತ್ತೆ ಅಲ್ವಾ? ಹಾಗಾಗಿ 60 ಡಿಗ್ರಿ ಆಸುಪಾಸಿನಲ್ಲೋ, ಬರೀ ಗಾಳಿಯಲ್ಲೋ ಒಣಗಿಸುತ್ತಾರೆ. ಆ ಪೇಂಟಿನೊಳಗಿನ ಥಿನ್ನರ್ ವಾರಗಟ್ಟಲೆ ಮೆಲ್ಲಗೆ ಹೊರಗೆ ಹೋಗುತ್ತಿರುತ್ತೆ. ಅದಕ್ಕೇ ಒಂದರಿಂದ ಮೂರು ತಿಂಗಳು ವ್ಯಾಕ್ಸ್ ಬೇಡ ಅನ್ನೋದು. ಆದ್ದರಿಂದ ಶೋರೂಮಿನವರನ್ನು ಒಂದು ಮಾತು ಕೇಳಿ: 'ಡೆಲಿವರಿಗೆ ಮೊದಲು ಎಲ್ಲಾದರೂ ಟಚಪ್ ಮಾಡಿದ್ದೀರಾ?' ಮಾಡಿದ್ದರೆ ಆ ಭಾಗ ಮಾತ್ರ ಬಿಡಿ. ಉಳಿದದ್ದಕ್ಕೆ ಈ ಭಾನುವಾರವೇ ಹಚ್ಚಬಹುದು.

ನಾವು ಕಾಪಾಡಬೇಕಾದ್ದು ಎಷ್ಟು ಅಂತ ಗೊತ್ತಾದರೆ ಸ್ವಲ್ಪ ಭಯವಾಗುತ್ತೆ. ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತೆ. ದಪ್ಪ 40 ಮೈಕ್ರಾನ್ ಆಸುಪಾಸು, ನಮ್ಮ ತಲೆಕೂದಲಿಗಿಂತ ತೆಳು. ಹೊಳಪೆಲ್ಲ ಅದರದ್ದೇ. ಪಾಲಿಶ್, ರಬ್ಬಿಂಗ್ ಅಂತ ಮಾಡಿಸಿದಾಗೆಲ್ಲ ಇದೇ ಪದರ ಸವೆಯೋದು. ವ್ಯಾಕ್ಸ್ ಹಾಗಲ್ಲ, ಏನನ್ನೂ ತೆಗೆಯಲ್ಲ, ಮೇಲೊಂದು ಪದರ ಕೊಡುತ್ತೆ. ಹಕ್ಕಿ ಹಿಕ್ಕೆ, ಮರದ ಅಂಟು ಮೊದಲು ಆ ಪದರವನ್ನು ತಿನ್ನಲಿ, ಕ್ಲಿಯರ್ ಕೋಟನ್ನಲ್ಲ. ಹೊಸ ಕಾರಿಗೆ ಯಾರಾದರೂ 'ರಬ್ಬಿಂಗ್ ಮಾಡಿ ಕೊಡ್ತೀವಿ' ಅಂದರೆ ಬೇಡ ಅಂದುಬಿಡಿ.

ಈಗ ನಿಮ್ಮ ಹಲಸಿನ ಮರ. ಮೇಣ ಅಂದರೆ ವ್ಯಾಕ್ಸೂ ಹೌದು, ಹಲಸಿನ ಅಂಟೂ ಹೌದು. ಕಾರಿಗೆ ಮೊದಲನೆಯದು ಬೇಕು, ಎರಡನೆಯದು ಬೇಡ. ಅದು ಬಿದ್ದು ಗಟ್ಟಿಯಾಗಿದ್ದರೆ ಉಗುರಿನಿಂದ ಕೆರೆಯಬೇಡಿ. ಹಲಸು ಬಿಡಿಸುವಾಗ ಕೈಗೆ, ಕತ್ತಿಗೆ ಏನು ಸವರುತ್ತೀರಿ? ಅದೇ ತೆಂಗಿನೆಣ್ಣೆ ಇಲ್ಲೂ ಆಗುತ್ತೆ. ಎರಡು ಹನಿ ಹಾಕಿ ಐದು ನಿಮಿಷ ಬಿಡಿ, ಮೆತ್ತಗಾದ ಮೇಲೆ ಒರೆಸಿ ತೆಗೆಯಿರಿ. ಆಮೇಲೆ ಶಾಂಪೂ ನೀರಲ್ಲಿ ತೊಳೆಯಲೇಬೇಕು, ಇಲ್ಲಾಂದ್ರೆ ಡೀಸೆಲ್ ಕಥೆಯೇ. ಹಲಸು ಬಿಡುವ ಕಾಲಕ್ಕಾದರೂ ಕಾರಿಗೆ ಬೇರೆ ಜಾಗ ನೋಡಿ. ಬೀಳೋ ಹಣ್ಣಿಗೆ ಯಾವ ವ್ಯಾಕ್ಸೂ ಅಡ್ಡ ಬರಲ್ಲ.

ಮರದ ಅಂಟಿಗಿಂತ ಮೊದಲು ಬರೋದು ಜೇನು. ಹೂಮಳೆ ಬಿದ್ದು ಕಾಫಿ ಅರಳಿದಾಗ ಬಾನೆಟ್ ಮೇಲೆ ಸಾಸಿವೆಯಷ್ಟು ಹಳದಿ ಚುಕ್ಕಿಗಳು ಕಂಡರೆ ಅದು ಬರೀ ಪರಾಗ ಅಂದುಕೊಳ್ಳಬೇಡಿ. ಅದು ಜೇನುಹುಳದ ಹಿಕ್ಕೆ. ಹಾರುವಾಗಲೇ ಹಾಕಿ ಹೋಗುತ್ತವೆ. ಬಿಸಿಲಿಗೆ ಒಣಗಿದರೆ ಕಚ್ಚಿಕೊಂಡುಬಿಡುತ್ತೆ. ಬಿಸಿಲಲ್ಲಿ ಕ್ಲಿಯರ್ ಕೋಟ್ ಕೊಂಚ ಹಿಗ್ಗಿ ಮೆದುವಾಗುತ್ತೆ, ಸಂಜೆ ತಣ್ಣಗಾಗುವಾಗ ಹಿಕ್ಕೆಯ ಸುತ್ತ ಬಿಗಿಯುತ್ತೆ. ತೊಳೆದ ಮೇಲೂ ಉಳಿಯುವ ಕಲೆ ಹೀಗೆ ಆದದ್ದು. ಹಕ್ಕಿ ಹಿಕ್ಕೆಯದೂ ಇದೇ ಕಥೆ. ಒದ್ದೆ ಬಟ್ಟೆ ಹತ್ತು ನಿಮಿಷ ಮೇಲೆ ಹಾಕಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ. ಉಜ್ಜಬೇಡಿ. ಹೂಮಳೆಗೆ ಮೊದಲೇ ವ್ಯಾಕ್ಸ್ ಆಗಿದ್ದರೆ ಇದೆಲ್ಲ ಸುಲಭವಾಗಿ ಬಿಡುತ್ತೆ.

ಹಚ್ಚೋದು ಹೇಗೆ? ಮೊದಲು ಬರೀ ನೀರು ಬಿಟ್ಟು ಮಣ್ಣು ಇಳಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಪಾತ್ರೆ ತೊಳೆಯೋ ಲಿಕ್ವಿಡ್ ಬೇಡ, ಅದು ಹಳೇ ವ್ಯಾಕ್ಸನ್ನೂ ಎತ್ತಿಕೊಂಡು ಹೋಗುತ್ತೆ. ಒಣಗಿದ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರಿ ನೋಡಿ. ಬರಿಗೈಗೆ ನುಣ್ಣಗಿದ್ದದ್ದು ಈಗ ರವೆ ರವೆ ಅನ್ನಿಸಿದರೆ ಧೂಳು ಕಚ್ಚಿಕೊಂಡಿದೆ ಅಂತ. ಅದಕ್ಕೆ ಕ್ಲೇ ಬಾರ್ ಅಂತ ಜೇಡಿಮಣ್ಣಿನಂಥ ಉಂಡೆ ಸಿಗುತ್ತೆ, ಸೋಪುನೀರು ಹಾಕುತ್ತಾ ಜಾರಿಸಬೇಕು. ಅದು ನೆಲಕ್ಕೆ ಬಿದ್ದರೆ ಮುಗೀತು, ಎತ್ತಿ ಮತ್ತೆ ಬಳಸಬೇಡಿ. ಆಮೇಲೆ ವ್ಯಾಕ್ಸ್. ಒಂದು ಬಾಗಿಲಿಗೆ ಬೆರಳ ತುದಿಯಷ್ಟು ಸಾಕು, ದಪ್ಪ ಹಚ್ಚಿದರೆ ಲಾಭ ಇಲ್ಲ. ಮಂಜು ಕವಿದ ಹಾಗೆ ಬೆಳ್ಳಗಾದಾಗ ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೆ ತಾಗಿಸಬೇಡಿ, ಬಿಳಿ ಕಲೆ ಹೋಗಲ್ಲ.

ಮತ್ತೆ, ನೆರಳಲ್ಲಿ ಮಾಡಿ. ನನ್ನ ಮೊದಲ ಕಾರಿಗೆ ನಾನು ಹಚ್ಚಿದ್ದು ಕಾಫಿ ಕಣದಲ್ಲಿ, ಮಟಮಟ ಮಧ್ಯಾಹ್ನ, ಇಡೀ ಕಾರಿಗೆ ಒಂದೇ ಸಲ. ಒರೆಸಲು ಬರುವಷ್ಟರಲ್ಲಿ ಗೋಡೆಗೆ ಸುಣ್ಣ ಬಳಿದ ಹಾಗಿತ್ತು. ರಾತ್ರಿ ಎಂಟರವರೆಗೆ ಉಜ್ಜಿದೆ. ಮನೆಯವರು ಕಾಫಿ ತಂದುಕೊಟ್ಟು ನಕ್ಕರು.

ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ಜಾತಿಯ ತಾಳೆ ಎಲೆಯಿಂದ ಬರೋದು. ಹೊಳಪು ಚೆನ್ನ, ಬಾಳಿಕೆ ಒಂದೆರಡು ತಿಂಗಳು. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ ಹೊಡೆಯುತ್ತೆ, ಅದನ್ನು ಇದು ತಡೆಯಲ್ಲ. ಮಳೆಗಾಲಕ್ಕೆ ಸಿಂಥೆಟಿಕ್ ಸೀಲೆಂಟ್ ವಾಸಿ, ನಾಲ್ಕೈದು ತಿಂಗಳು ನಿಲ್ಲುತ್ತೆ. ನನ್ನ ಲೆಕ್ಕ ಹೀಗೆ: ಈಗ ಒಂದು ಕೈ ವ್ಯಾಕ್ಸ್, ಮೇ ಕೊನೆಗೆ ಸೀಲೆಂಟ್, ತುಲಾ ಸಂಕ್ರಮಣ ಕಳೆದ ಮೇಲೆ ಇನ್ನೊಂದು ಕೈ ವ್ಯಾಕ್ಸ್. ನಡುವೆ ಬಾನೆಟ್ ಮೇಲೆ ನೀರು ಮಣಿ ಮಣಿಯಾಗಿ ನಿಲ್ಲದೆ ಹಾಳೆಯಂತೆ ಹರಡಿದರೆ ಪದರ ಹೋಗಿದೆ ಅಂತ ತಿಳಿಯಿರಿ.

ಸೆರಾಮಿಕ್ ಮೋಸ ಅಂತ ನಾನು ಹೇಳಲ್ಲ. ಸಿಲಿಕಾ ಆಧಾರದ ಆ ಪದರ ಸರಿಯಾಗಿ ಹಾಕಿದರೆ ವರ್ಷಗಟ್ಟಲೆ ಬರುತ್ತೆ, ಕೆಸರು ಬೇಗ ಬಿಡುತ್ತೆ. ಆದರೆ '9 ಎಚ್ ಗಟ್ಟಿ, ಕಲ್ಲು ಬಡಿದರೂ ಏನೂ ಆಗಲ್ಲ' ಅನ್ನೋದನ್ನು ನಂಬಬೇಡಿ. ಆ 9 ಎಚ್ ಪೆನ್ಸಿಲ್ ಗೀರಿ ನೋಡುವ ಅಳತೆ. ಮುಂದಿನ ಜೀಪಿನ ಚಕ್ರದಿಂದ ಎಗರುವ ಜಲ್ಲಿಗೆ ಅದು ಲೆಕ್ಕಕ್ಕಿಲ್ಲ. ಕಲ್ಲಿನ ಭಯ ಇದ್ದರೆ ಬಾನೆಟ್ಟಿನ ಮುಂಭಾಗಕ್ಕೆ ಮಾತ್ರ ಪಿಪಿಎಫ್, ಅಂದರೆ ಪೇಂಟ್ ಕಾಯುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ. 25 ಸಾವಿರ ನನ್ನ ಕೈಲಿದ್ದರೆ ಮೊದಲು ನಾಲ್ಕು ಕಂಬ ನೆಟ್ಟು ಶೀಟ್ ಹೊದಿಸುತ್ತಿದ್ದೆ.

ಪ್ರಶ್ನೆ: ಕುಶಾಲನಗರದಲ್ಲಿದ್ದೇವೆ. ಬೋರ್‌ವೆಲ್ ನೀರಲ್ಲಿ ತೊಳೆದರೆ ಕಾರಿನ ಮೇಲೆ ಬಿಳಿ ಚುಕ್ಕಿ ಉಳಿಯುತ್ತೆ. ಹೋದ ವರ್ಷ ಆಯುಧ ಪೂಜೆಯ ಕುಂಕುಮದ ಕಲೆಯೂ ಹಾಗೇ ಇದೆ. ಏನು ಮಾಡಲಿ?

ಉತ್ತರ: ಅದು ನೀರಿನ ಸುಣ್ಣದಂಶ. ಬಿಸಿಲಲ್ಲಿ ತಾನಾಗಿ ಒಣಗಲು ಬಿಟ್ಟರೆ ಉಳಿದೇ ಉಳಿಯುತ್ತೆ. ಬೆಳಿಗ್ಗೆ ಬೇಗ ತೊಳೆದು ತಕ್ಷಣ ಒರೆಸಿ. ಈಗಿರುವ ಚುಕ್ಕಿಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಒಂದು ನಿಮಿಷ ಒತ್ತಿಟ್ಟು ಚೆನ್ನಾಗಿ ತೊಳೆಯಿರಿ. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವಾಗ ಹಾರಿ ಬೀಳುವ ನೀಲಿ-ಬಿಳಿ ಹನಿಯಲ್ಲೂ ಸುಣ್ಣವೇ ಇರೋದು, ಅದಕ್ಕೂ ಇದೇ ಮದ್ದು. ತೊಳೆದ ಮೇಲೆ ವ್ಯಾಕ್ಸ್ ಮತ್ತೆ ಹಚ್ಚಬೇಕು.

ಕುಂಕುಮದ ಬಣ್ಣ ಕ್ಲಿಯರ್ ಕೋಟಿಗೆ ಇಳಿದಿದ್ದರೆ ಪಾಲಿಶ್ ಬಲ್ಲವರ ಹತ್ತಿರ ಆ ಜಾಗ ಮಾತ್ರ ಮಾಡಿಸಿ. ಮುಂದಿನ ಸಲ ಹಬ್ಬಕ್ಕೆ ವಾರ ಮೊದಲೇ ವ್ಯಾಕ್ಸ್ ಹಚ್ಚಿ, ಕುಂಕುಮವನ್ನು ಗಾಜಿಗೆ ಇಡಿ. ಹಾರವನ್ನು ಸೆಲ್ಲೋಟೇಪಿನಲ್ಲಿ ಪೇಂಟಿಗೆ ಅಂಟಿಸಬೇಡಿ.

ಪ್ರಶ್ನೆ: ಮಳೆಗಾಲ ಪೂರ್ತಿ ಕಾರಿಗೆ ಕವರ್ ಹಾಕಿಡಬಹುದಾ? (ಸೋಮವಾರಪೇಟೆ)

ಉತ್ತರ: ಬೇಡ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಮಳೆಯ ಥಂಡಿಯಲ್ಲಿ ಮನೆಯೊಳಗಿನ ಚಪ್ಪಲಿಗೇ ಬೂಷ್ಟು ಬರುತ್ತೆ, ಒದ್ದೆ ಕವರಿನೊಳಗೆ ಕೇಳಬೇಕಾ? ಗಾಳಿಗೆ ಕವರ್ ಪಟಪಟ ಬಡಿದು ಒಳಗಿನ ಮಣ್ಣಿನಿಂದ ಗೀರೂ ಬೀಳುತ್ತೆ. ಸುಮ್ನೆ ಮಳೆಯಲ್ಲಿ ನೆನೆಯಲು ಬಿಡಿ, ವ್ಯಾಕ್ಸೋ ಸೀಲೆಂಟೋ ಇದ್ದರೆ ಪೇಂಟಿಗೆ ನೀರಿನಿಂದ ತೊಂದರೆ ಇಲ್ಲ. ಅದರ ಬದಲು ವಾರಕ್ಕೊಮ್ಮೆ ಬಾನೆಟ್ ಎತ್ತಿ, ಮುಂದಿನ ಗಾಜಿನ ಬುಡದಲ್ಲಿ ಸೇರಿದ ಸಿಲ್ವರ್ ಓಕ್ ಎಲೆ ಬಾಚಿ ತೆಗೆಯಿರಿ. ನೀರು ಹೋಗುವ ತೂತು ಅಲ್ಲೇ ಇರೋದು. ಅದು ಕಟ್ಟಿಕೊಂಡರೆ ನೀರು ಕಾರಿನೊಳಗೆ, ಕಾಲಡಿಯ ಮ್ಯಾಟಿಗೆ ಬರುತ್ತೆ.