60 ಮಕ್ಕಳ ತರಗತಿಯಲ್ಲಿ ಇಂಗ್ಲಿಷ್ ಕಲಿಕೆ

ಮಗಳ ಕನ್ನಡ ಮಾಧ್ಯಮದ ಆರನೇ ತರಗತಿಯಲ್ಲಿ 60 ಮಕ್ಕಳಿದ್ದಾರೆ, ಇಂಗ್ಲಿಷಿನಲ್ಲಿ ಹಿಂದುಳಿಯಲು ಇದೇ ಕಾರಣವೇ ಎಂದು ತಾವು ಕೇಳಿದ್ದೀರಿ. ಇಂಗ್ಲಿಷ್ ಮಾತನಾಡುವುದರ ಮಟ್ಟಿಗೆ ಹೌದು ಎನ್ನಬೇಕು. 40 ನಿಮಿಷದ ಅವಧಿಯನ್ನು ಹಾಜರಿ, ಪಾಠ ಎಲ್ಲವನ್ನೂ ಬಿಟ್ಟು ಸಮನಾಗಿ ಹಂಚಿದರೂ ಒಂದು ಮಗುವಿಗೆ ದಕ್ಕುವುದು 40 ಸೆಕೆಂಡು. ಆದ್ದರಿಂದಲೇ ಶಿಕ್ಷಕರು ಎಲ್ಲರಿಂದ ಒಟ್ಟಿಗೆ ಹೇಳಿಸುವ ಪದ್ಧತಿಗೆ ಇಳಿಯುತ್ತಾರೆ, ಆ ಗದ್ದಲದಲ್ಲಿ ‘ಶಿ ಗೋಸ್’ ಎನ್ನುವ ಬದಲು ‘ಶಿ ಗೋ’ ಎಂದವಳ ತಪ್ಪು ಯಾರ ಕಿವಿಗೂ ಬೀಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಯವರೆಗೆ 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರಿರಬೇಕು. ಆದರೆ 20 ಮಕ್ಕಳಿದ್ದರೂ ಕರಿಹಲಗೆಯ ಪ್ರಶ್ನೋತ್ತರ ನಕಲು ಮಾಡಿಸುವುದರಲ್ಲೇ ಅವಧಿ ಮುಗಿದರೆ (ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ತೊಡಕು) ಪ್ರಯೋಜನವಿಲ್ಲ. ಶಾಲೆ ಬದಲಿಸುವ ಮುನ್ನ, ಪಕ್ಕದವರೊಡನೆ ಜೋಡಿಯಾಗಿ ಮಾತನಾಡಿಸುವ ಅಭ್ಯಾಸವಿದೆಯೇ ಎಂದು ಶಿಕ್ಷಕರನ್ನು ವಿಚಾರಿಸಿರಿ. ಹಾಗೆ ಮಾಡಿದರೆ ಏಕಕಾಲಕ್ಕೆ 30 ಮಕ್ಕಳಾದರೂ ಬಾಯಿ ತೆರೆಯುತ್ತಾರೆ.