ಚಾರಣ ಪ್ರಶ್ನೋತ್ತರ: ಬೇಸ್ ಕ್ಯಾಂಪ್ ಮುಗಿಸಿ ಶಿಖರಕ್ಕೆ

ಪ್ರಶ್ನೆ: ಎವರೆಸ್ಟ್ ಬೇಸ್ ಕ್ಯಾಂಪ್ ನೋಡಿಕೊಂಡು ಐಲ್ಯಾಂಡ್ ಪೀಕ್ ಹತ್ತಬೇಕೆಂದಿದ್ದೇವೆ. ಲುಕ್ಲಾದಿಂದ ಆರನೇ ದಿನ ಬೇಸ್ ಕ್ಯಾಂಪ್‌ಗೆ ಮುಂಚಿನ ಕೊನೆಯ ತಂಗುದಾಣ ಗೋರಕ್ ಶೆಪ್ ಮುಟ್ಟಿಸುತ್ತೇವೆ ಎನ್ನುತ್ತಾರೆ ಏಜೆನ್ಸಿಯವರು. ನಾವು ಕುಮಾರಪರ್ವತವನ್ನು ಸಲೀಸಾಗಿ ಹತ್ತುವವರು. ಒಪ್ಪಿಕೊಳ್ಳಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಕುಮಾರಪರ್ವತದ ತುದಿ 1,712 ಮೀಟರ್. ನೀವು ವಿಮಾನ ಇಳಿಯುವ ಲುಕ್ಲಾವೇ 2,860. ಕಾಲಿನ ಕಸುವಿಗೂ ಎತ್ತರಕ್ಕೆ ಮೈ ಒಗ್ಗುವುದಕ್ಕೂ ಸಂಬಂಧ ಕಡಿಮೆ. ಗಟ್ಟಿಮುಟ್ಟಾದವರು ಬೇಗ ಬೇಗ ಹತ್ತಿ ಬೇಗ ಹಾಸಿಗೆ ಹಿಡಿಯುವುದೂ ಉಂಟು.

ಲೆಕ್ಕ ಹಾಕಬೇಕಾದ್ದು ರಾತ್ರಿ ಮಲಗುವ ಎತ್ತರವನ್ನು. 3,000 ಮೀಟರ್ ದಾಟಿದ ಮೇಲೆ ಅದು ದಿನಕ್ಕೆ ಸುಮಾರು 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಊರಲ್ಲಿ ಎರಡು ರಾತ್ರಿ ಬೇಕು. ಫಾಕ್‌ಡಿಂಗ್‌ನಿಂದ (2,610) ನಾಮ್ಚೆಗೆ (3,440) ಒಂದೇ ದಿನದಲ್ಲಿ 830 ಮೀಟರ್ ಏರಿಕೆ. ನಡುವೆ ತಂಗಿದರೂ ಸರಿ. ಇಲ್ಲವಾದರೆ ನಾಮ್ಚೆಯಲ್ಲಿ ಎರಡನೇ ರಾತ್ರಿ ಬಿಡುವಂತಿಲ್ಲ. ಮುಂದೆ ತೆಂಗ್‌ಬೋಚೆ (3,860), ಡಿಂಗ್‌ಬೋಚೆಯಲ್ಲಿ (4,410) ಮತ್ತೆ ಎರಡು ರಾತ್ರಿ, ಲೊಬುಚೆ (4,940), ಎಂಟನೇ ರಾತ್ರಿಗೆ ಗೋರಕ್ ಶೆಪ್ (5,164). ನಿಮ್ಮ ಏಜೆನ್ಸಿ ಕತ್ತರಿ ಹಾಕಿರುವುದು ನಾಮ್ಚೆ, ಡಿಂಗ್‌ಬೋಚೆಗಳ ಈ ಎರಡು ಹೆಚ್ಚುವರಿ ದಿನಗಳಿಗೇ. ಆ ದಿನ ಮಲಗಿ ಕಳೆಯುವುದಲ್ಲ: ನಾಲ್ಕೈದು ನೂರು ಮೀಟರ್ ಮೇಲೆ ಹೋಗಿ, ಸ್ವಲ್ಪ ಹೊತ್ತು ಇದ್ದು, ಇಳಿದು ಬಂದು ಮಲಗಬೇಕು.

ಬೇಸ್ ಕ್ಯಾಂಪ್ (5,364), ಕಾಲಾಪತ್ತರ್ ಗುಡ್ಡ ಎರಡನ್ನೂ ನೋಡಿ ಚುಕುಂಗ್‌ಗೆ (4,730) ಇಳಿದರೆ, 6,100 ಮೀಟರ್ ಮೀರಿದ ಐಲ್ಯಾಂಡ್ ಪೀಕಿಗೆ ಮೈ ಅರ್ಧ ಸಿದ್ಧವಾದಂತೆ. ಹವೆ ಕೆಟ್ಟರೆಂದು ಒಂದೆರಡು ದಿನ ಕೈಯಲ್ಲಿರಲಿ.

ಪ್ರಶ್ನೆ: ಎತ್ತರದ ಕಾಯಿಲೆ ತಡೆಯಲು ಡಯಾಮಾಕ್ಸ್ ಮಾತ್ರೆ ನುಂಗಿದರೆ ಅದು ಕಾಯಿಲೆಯನ್ನೇ ಮರೆಮಾಚುತ್ತದಂತೆ, ನಿಜವೇ?
– ಓದುಗರು, ಮೈಸೂರು

ಉತ್ತರ: ಇಲ್ಲ. ಅದು ಉಸಿರಾಟ ಹೆಚ್ಚಿಸಿ ಮೈ ಒಗ್ಗುವುದನ್ನು ಚುರುಕುಗೊಳಿಸುತ್ತದೆ, ಅಷ್ಟೇ. ತಡೆಗೆಂದು ವೈದ್ಯರು ಸಾಮಾನ್ಯವಾಗಿ ಹೇಳುವುದು 125 ಮಿಲಿಗ್ರಾಂ, ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ. ಬೆರಳು ಜುಮ್ಮೆನ್ನುತ್ತವೆ, ಮೂತ್ರ ಹೆಚ್ಚುತ್ತದೆ; ಗಾಬರಿ ಬೇಡ. ಸಲ್ಫಾ ಅಲರ್ಜಿ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನಿದ್ದೆ ಬರಲಿಲ್ಲವೆಂದು ನಿದ್ದೆಮಾತ್ರೆ ನುಂಗುವುದೂ ಬೇಡ.

ತಲೆನೋವಿನ ಜತೆಗೆ ವಾಕರಿಕೆ, ಸುಸ್ತು ಅಥವಾ ತಲೆಸುತ್ತು ಬಂದರೆ ಅಲ್ಲೇ ನಿಲ್ಲಿ. ಅನುಮಾನವಿದ್ದರೆ ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತ ನೇರ ಗೆರೆಯಲ್ಲಿ ನಡೆಸಿ ನೋಡಿ. ತೂರಾಡಿದರೆ ಮಿದುಳಿನಲ್ಲಿ ಬಾವು ಶುರುವಾಗಿದೆ ಎಂದೇ ತಿಳಿಯಿರಿ. ಸುಮ್ಮನೆ ಕೂತಿದ್ದಾಗಲೂ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು. ಎರಡಕ್ಕೂ ಮದ್ದು, ಬೆಳಗಾಗುವುದನ್ನು ಕಾಯದೆ ಕೆಳಗಿಳಿಸುವುದು. ಆಮ್ಲಜನಕ ಸಿಕ್ಕರೆ ಕೊಡಿ, ಆದರೆ ಅದಕ್ಕಾಗಿ ಕಾದು ಕೂರಬೇಡಿ. ಆಕ್ಸಿಮೀಟರ್ ಅಂಕಿಯೊಂದನ್ನೇ ನಂಬಿದರೂ ಕಷ್ಟ. ತಣ್ಣಗಾದ ಬೆರಳು ತಪ್ಪು ಅಂಕಿ ತೋರಿಸುತ್ತದೆ.

ಪ್ರಶ್ನೆ: ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿನಡಿ ಕಟ್ಟುವ ಲೋಹದ ಮುಳ್ಳುಗಳು), ಬೂಟು ಅಲ್ಲೇ ಬಾಡಿಗೆಗೆ ಸಾಕೇ?
– ಓದುಗರು, ದಾವಣಗೆರೆ

ಉತ್ತರ: ಸಾಕು, ಚುಕುಂಗ್‌ನಲ್ಲೂ ಸಿಗುತ್ತವೆ. ಚಾರಣದ ಮೆತ್ತನೆ ಬೂಟು ಮಾತ್ರ ನಡೆಯದು. ಬಾಡಿಗೆ ಬೂಟನ್ನು ದಪ್ಪ ಕಾಲುಚೀಲ ಹಾಕಿಯೇ ಅಳತೆ ನೋಡಿ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ತಾಗಿದರೆ ಉಗುರು ಹೋಗುತ್ತದೆ. ಕ್ರ್ಯಾಂಪಾನ್ ಸಿಕ್ಕಿಸಿ, ಪಟ್ಟಿ ಕಟ್ಟದೆ ಬೂಟನ್ನು ಎತ್ತಿ ಅಲ್ಲಾಡಿಸಿ. ಕಳಚಿ ಬಿದ್ದರೆ ಅಳತೆ ಸರಿಯಿಲ್ಲ. ಹಗ್ಗ ಹಿಡಿದು ಏರಲು ಬಳಸುವ ಹಿಡಿಕೆ ಜುಮಾರನ್ನು ಹಗ್ಗಕ್ಕೆ ಹಾಕಿ ತೆಗೆಯುವ ಅಭ್ಯಾಸವನ್ನು ದಪ್ಪ ಕೈಗವಸು ತೊಟ್ಟೇ ಮಾಡಿ. ಶಿಖರದ ಕೆಳಗಿನ ಹಿಮಗೋಡೆಯ ಮೇಲೆ ಗವಸು ಕಳಚುವ ಪ್ರಸಂಗ ಬರಲೇಬಾರದು.